ಹದಿನೆಂಟು ಸಾವಿರದ ಎಮ್ಮಿ

ನಮ್ಮ ಮನೆಯ ಎಮ್ಮೆ ಮಾರಿಹೋದದ್ದು 2003ರ ದಸರೆಯ ಮುಂದೆ. ನಾನು ಹುಬ್ಬಳ್ಳಿಗೆ ಹೋಗಿ 18,000 ರೂಪಾಯಿ ಎಣಿಸಿ ಕೊಟ್ಟು ಸಿಡಿ ಪ್ಲೇಯರ್ ತಂದದ್ದು ಅದೇ ವರ್ಷದ ದೀಪಾವಳಿ ಆದಮೇಲೆ. ಎಮ್ಮೆಯ ರೊಕ್ಕ ತಂಗಿಯ ಬಾಣಂತನಕ್ಕೆ ಹೋಯಿತು, ಪ್ಲೇಯರಿನ ರೊಕ್ಕ ಬ್ಯಾಂಕಿನಿಂದ ಬಂದ ಅರಿಯರ್ಸಿನದು, ಒಂದಕ್ಕೊಂದು ಸಂಬಂಧವಿಲ್ಲ ಎಂದು ಅಂದಿನಿಂದ ಹೇಳುತ್ತಲೇ ಇದ್ದೇನೆ. ಅವ್ವ ಇನ್ನೂ ನಂಬಿಲ್ಲ.

ಡಬ್ಬಿ ಬಿಚ್ಚಿದ ದಿನ ಅವ್ವ ಪಡಸಾಲೆಯ ಕಂಬಕ್ಕೆ ಆತು ಕೂತು ವಿಚಾರಣೆ ನಡೆಸಿದಳು.

“ಇದರಾಗ ಚಿತ್ರ ಬರ್ತಾವೇನು?”

“ಇಲ್ಲಬೇ.”

“ರೇಡಿಯೋ?”

“ಇಲ್ಲ.”

“ಕ್ಯಾಸೆಟ್ಟರ ಹಾಕಾಕ ಬರತೈತೋ ಇಲ್ಲೋ?”

“ಇಲ್ಲ. ಸಿಡಿ ಅಷ್ಟ.”

ಅವ್ವ ಬಹಳ ಹೊತ್ತು ಅದನ್ನೇ ನೋಡಿದಳು. ಕರ್ರಗೆ, ಅಗಲವಾಗಿ, ತಗ್ಗಾಗಿ, ಮಂದ ಸ್ವಭಾವದ ಪ್ರಾಣಿಯಂತೆ ಅದು ಮೇಜಿನ ಮೇಲೆ ಕೂತಿತ್ತು. “ಇಷ್ಟ ರೊಕ್ಕಕ್ಕ ಒಂದು ಛಲೋ ಎಮ್ಮಿ ಬರತಿತ್ತಲ್ಲೋ ತಮ್ಮಾ. ಎರಡೂ ಹೊತ್ತು ಹಾಲರ ಕೊಡತಿತ್ತು” ಅಂದಳು. ಅವತ್ತಿನಿಂದ ಅದರ ಹೆಸರು ಎಮ್ಮಿ. ಕಂಪನಿಯವರು ಇಟ್ಟ ಹೆಸರೊಂದಿದೆ, ಅಂಕಿ ಅಕ್ಷರ ಸೇರಿ ಲಾರಿ ನಂಬರಿನ ಹಾಗೆ. ಅದನ್ನು ಯಾರೂ ನೆನಪಿಟ್ಟಿಲ್ಲ.

ಈ ಎಮ್ಮೆಯ ಕಷ್ಟವೆಂದರೆ ಅದರ ಬೆಲೆ ನಡುವಿನದು. ಆಗ ಬೈಲಹೊಂಗಲದ ಪೇಟೆಯಲ್ಲಿ ಎರಡು ಸಾವಿರದೊಳಗೆ ವಿಸಿಡಿ ಪ್ಲೇಯರ್ ಸಿಗುತ್ತಿತ್ತು. ಕೆಟ್ಟರೆ ಕೆಟ್ಟಿತು, ಅಟ್ಟಕ್ಕೆ ಒಗೆದು ಇನ್ನೊಂದು ತಂದರಾಯಿತು. ಅತ್ತ ಲಕ್ಷಗಟ್ಟಲೆ ಬೆಲೆಯವೂ ಇವೆ. ಅಂಥವು ಕೆಟ್ಟರೆ ಕಂಪನಿಯ ಮನುಷ್ಯ ಸೂಟಕೇಸ್ ಹಿಡಿದು ವಿಮಾನದಲ್ಲಿ ಬರುತ್ತಾನಂತೆ. ನಮ್ಮದು ಒಗೆಯಲಾರದಷ್ಟು ತುಟ್ಟಿ, ರಿಪೇರಿಯವನು ಬಾರದಷ್ಟು ಸೋವಿ. ಒಕ್ಕಲುತನದ ಮನೆಯಲ್ಲಿ ನಡುವಿನ ಮಗನ ಪಾಡು ಹೀಗೇ. ಹಿರಿಯವನಿಗೆ ಗೌಡಕಿ, ಕಿರಿಯವನಿಗೆ ಮುದ್ದು, ನಡುವಿನವನು ಎತ್ತಿಗೆ ನೀರು ಕುಡಿಸಲಿಕ್ಕೆ.

ಹುಚ್ಚು ಹಚ್ಚಿದವರು ಕಿತ್ತೂರಿನ ಡಾಕ್ಟರು. ನಮ್ಮ ಬ್ಯಾಂಕಿನ ಅಲ್ಲಿಯ ಶಾಖೆಗೆ ತಿಂಗಳಿಗೊಮ್ಮೆ ಕೆಲಸದ ಮೇಲೆ ಹೋಗುತ್ತಿದ್ದೆ. ಒಂದು ಸಂಜೆ ಅವರು ಪೇಷಂಟುಗಳನ್ನೆಲ್ಲ ಕಳಿಸಿ, ದವಾಖಾನೆಯ ಹಿಂದಿನ ಕೋಣೆಯಲ್ಲಿ ಕೂಡಿಸಿ, ಕುಮಾರ ಗಂಧರ್ವರ ಸಿಡಿ ಹಾಕಿದರು. ಅದೇ ಹಾಡುಗಾರಿಕೆಯ ಕ್ಯಾಸೆಟ್ಟನ್ನು ಹತ್ತಾರು ವರ್ಷ ಕೇಳಿ ಸವೆಸಿದವನು ನಾನು. ಡಾಕ್ಟರು ರೋಗಿಯ ಎದೆಗೆ ಕೊಳವೆ ಹಚ್ಚಿದಾಗಿನ ಮುಖ ಮಾಡಿಕೊಂಡು ಬೆರಳೆತ್ತಿದರು.

“ಕೇಳಿದ್ರೇನ್ರಿ? ಇಲ್ಲಿ ಉಸಿರು ತಗೊಂಡ್ರು. ಈಗ ಮತ್ತ. ಒಂದ ಬಾಜೂದ ಶ್ವಾಸಕೋಶದ ಮ್ಯಾಲ ಹಾಡೋ ಮನಷ್ಯಾರು ಇವರು. ಉಸಿರು ಎಲ್ಲಿ ತಗೋಬೇಕು ಅನ್ನೂದನ್ನೂ ರಾಗದಾಗ ಹೊಲದಾರ ನೋಡ್ರಿ.”

ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಎಂಬ ಹುಡುಗ ಕುಮಾರ ಗಂಧರ್ವರಾದದ್ದು, ಕ್ಷಯ ಹಿಡಿದು ದೇವಾಸದಲ್ಲಿ ವರ್ಷಗಟ್ಟಲೆ ಹಾಡದೆ ಮಲಗಿದ್ದು, ಎದ್ದಮೇಲೆ ಸಣ್ಣ ಸಣ್ಣ ತುಣುಕಾಗಿ ತಾನು ಕಟ್ಟಿದ್ದು ನನಗೂ ಗೊತ್ತಿತ್ತು. ಓದಿ ಗೊತ್ತಿತ್ತು. ಆ ಉಸಿರು ಕಿವಿಗೆ ಬಿದ್ದದ್ದು ಅವತ್ತೇ. ಕ್ಯಾಸೆಟ್ಟಿನಲ್ಲಿ ಅದು ಟೇಪಿನ ಸುಂಯ್ ಸಪ್ಪಳದೊಳಗೆ ಮುಳುಗಿಹೋಗಿತ್ತು. ಮರಳಿ ಬರುವಾಗ ಬಸ್ಸಿನಲ್ಲಿ ನಾನು ಲೆಕ್ಕ ಹಾಕಿದ್ದು ಅರಿಯರ್ಸಿನದು.

ಅದೇ ವರ್ಷ ಸವದತ್ತಿಯ ವಕೀಲರೊಬ್ಬರೂ ರಾಮದುರ್ಗದ ರಿಟೈರಾದ ಮಾಸ್ತರರೊಬ್ಬರೂ ಅದೇ ಅಂಗಡಿಯಲ್ಲಿ ಅದೇ ಮಾಡೆಲ್ ಕೊಂಡರು. ಹಚ್ಚಿದವರು ಡಾಕ್ಟರೇ. ನಾಲ್ಕು ಊರು, ನಾಲ್ಕು ಎಮ್ಮೆ. ವಕೀಲರು ನಮ್ಮನ್ನು “ಎಮ್ಮಿ ಬೀಗರು” ಎಂದು ಕರೆದರು. ಬೀಗತನವೆಂದಮೇಲೆ ಹೋಗುವುದು ಬರುವುದು, ಒಬ್ಬರ ಎಮ್ಮೆ ಇನ್ನೊಬ್ಬರದಕ್ಕಿಂತ ಛಲೋ ಎನ್ನುವುದು, ಎಲ್ಲ ಶುರುವಾಯಿತು. ಒಂದೇ ಕಾರ್ಖಾನೆಯಲ್ಲಿ ಹುಟ್ಟಿದ ನಾಲ್ಕು ಡಬ್ಬಿಗಳಲ್ಲಿ ತಮ್ಮದರ ತಂಬೂರಿ ಮಾತ್ರ ಹೆಚ್ಚು ಮೆತ್ತಗೆ ಕೇಳುತ್ತದೆ ಎಂದು ವಕೀಲರು ವಾದಿಸುತ್ತಿದ್ದರು. ಸಾಕ್ಷಿಗೆ ನನ್ನನ್ನೇ ಕರೆಯುತ್ತಿದ್ದರು.

ಕೇಳುವುದರಲ್ಲಿ ಮೊದಮೊದಲು ಒಂದು ತೊಡಕಿತ್ತು. ಕ್ಯಾಸೆಟ್ ಅಂದರೆ ಅರ್ಧ ತಾಸಿಗೊಮ್ಮೆ ಏಳಬೇಕು, ಬಾಜು ಮಗುಚಬೇಕು. ಭೀಮಸೇನ ಜೋಶಿಯವರ ಮೈಫಿಲಿನ ಒಂದು ಕ್ಯಾಸೆಟ್ಟಿತ್ತು ನನ್ನಲ್ಲಿ. ವಿಳಂಬಿತ ಖ್ಯಾಲು ಇನ್ನೇನು ತಾರಷಡ್ಜಕ್ಕೆ ಏರಬೇಕು, ಅಷ್ಟರಲ್ಲಿ ಬಾಜು ಮುಗಿದು ಗುಂಡಿ ಠಪ್ಪೆಂದು ಜಿಗಿಯುತ್ತಿತ್ತು. ಅದೇ ಮೈಫಿಲು ಸಿಡಿಯಲ್ಲಿ ತಡೆಯಿಲ್ಲದೆ ಹರಿದಾಗ ನನಗೆ ಖುಷಿಯಾಗಬೇಕಿತ್ತು. ಆದರೆ ಆ ಜಾಗ ಬಂದಕೂಡಲೆ ಕೈ ತಾನಾಗಿಯೇ ಮೇಲೆದ್ದಿತು, ಸ್ವಲ್ಪ ಹೊತ್ತು ಗಾಳಿಯಲ್ಲಿ ನಿಂತಿತು. ಈಗಲೂ ಆ ಜಾಗದಲ್ಲಿ ಒಳಗೆಲ್ಲೋ ಠಪ್ಪೆನ್ನುತ್ತದೆ. 74 ನಿಮಿಷ ಕದಲದೆ ಕೂತು ಕೇಳುವುದನ್ನು ನಾವು ಹೊಸದಾಗಿ ಕಲಿಯಬೇಕಾಯಿತು. ಅದಕ್ಕೂ ಮುಂಚಿನ ಗ್ರಾಮಫೋನ್ ಪ್ಲೇಟಿನ ಕಾಲದವರಿಗೆ ಮೂರು ಮಿನಿಟಿನಲ್ಲಿ ರಾಗ ಮುಗಿಯುತ್ತಿತ್ತು. ಚಹಾ ಆರುವುದರೊಳಗೆ ಆಲಾಪ, ತಾನು, ತಿಹಾಯಿ ಎಲ್ಲ ಆಗಿ ಮಂಗಳ.

ಒಳಗೆ ಏನು ನಡೆಯುತ್ತದೆ ಎಂಬುದನ್ನು ಮಾಸ್ತರರು ಪಾಠದ ಹಾಗೆ ಹೇಳಿಕೊಡುತ್ತಿದ್ದರು. ಹನ್ನೆರಡು ಸೆಂಟಿಮೀಟರಿನ ತಟ್ಟೆ. ಅದರ ಮೇಲೆ ಕಣ್ಣಿಗೆ ಕಾಣದ ಒಂದೇ ಒಂದು ಗೆರೆ ಸುರುಳಿ ಸುತ್ತಿದೆ. ಬಿಚ್ಚಿ ಎಳೆದರೆ ಐದು ಕಿಲೋಮೀಟರಿಗೂ ಉದ್ದ. ಪ್ಲೇಟಿನ ಮುಳ್ಳು ಹೊರಗಿನಿಂದ ಒಳಗೆ ಬಂದರೆ ಇದು ನಡುವಿನಿಂದ ಅಂಚಿಗೆ ಹೋಗುತ್ತದೆ. ಹೊರಡುವಾಗ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಮುಟ್ಟುವ ಹೊತ್ತಿಗೆ 200ಕ್ಕೆ ಇಳಿದಿರುತ್ತದೆ. ಎಮ್ಮೆ ಮನೆಯಿಂದ ಹೊರಬೀಳುವಾಗ ಓಡಿ, ಹೊಲ ಮುಟ್ಟಿದಮೇಲೆ ನಿಧಾನ ಆಗುವ ಹಾಗೆ ಎಂದು ನಾನು ಸೇರಿಸಿದರೆ ಮಾಸ್ತರರು ನಗುತ್ತಿರಲಿಲ್ಲ. ಗೆರೆಯ ಮೇಲಿನ ಕುಳಿಗಳನ್ನು ಒಂದು ಕಣ್ಣು ಕೆಳಗಿನಿಂದ ಓದುತ್ತದೆ. ಅದು ಚೆಲ್ಲುವುದು ನಮಗೆ ಕಾಣದ ಕೆಂಪಿನಾಚೆಯ ಬೆಳಕು. ತಟ್ಟೆಯ ಮೇಲೆ ಗೀರು ಬಿದ್ದರೂ ಎರಡೂವರೆ ಮಿಲಿಮೀಟರಿನಷ್ಟು ಗೆರೆ ಹೋದರೂ ಕಳೆದದ್ದನ್ನು ಲೆಕ್ಕದಿಂದಲೇ ತುಂಬಿಕೊಳ್ಳುತ್ತದೆ. “ಭಜನಿಯೊಳಗ ಮುಂದ ಹಾಡಾಂವ ಒಂದು ಸಾಲು ಮರತರ ಹಿಂದಿನವರು ಎತ್ತಿ ಹಿಡೀತಾರಲ್ಲ, ಹಂಗ. ಕೇಳಾವರಿಗೆ ಗೊತ್ತ ಆಗೂದಿಲ್ಲ” ಎನ್ನುತ್ತಿದ್ದರು. ಇಷ್ಟು ಚಂದ ಹೇಳಿಕೊಡುವವರು ನಮ್ಮ ಕಾಲದ ಸಾಲೆಯಲ್ಲಿ ಇದ್ದಿದ್ದರೆ ನಾನು ಬ್ಯಾಂಕಿಗೆ ಸೇರುತ್ತಿದ್ದೆನೋ ಇಲ್ಲವೋ.

ಆದರೆ ಲೆಕ್ಕ ಕಟ್ಟಿದವರಿಗೆ ಬೈಲಹೊಂಗಲದ ಹತ್ತಿ ಗೊತ್ತಿರಲಿಲ್ಲ.

ದೀಪಾವಳಿ ಆಯಿತೆಂದರೆ ನಮ್ಮ ಊರಿಗೆ ಹತ್ತಿಯ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು. ಜಿನ್ನುಗಳು ಹಗಲು ರಾತ್ರಿ ಅರೆಯುತ್ತವೆ. ಅರಳೆಯ ಎಳೆ ಗಾಳಿಯಲ್ಲಿ ತೇಲುತ್ತ ಬಂದು ಜಂತಿಗೆ, ಕ್ಯಾಲೆಂಡರಿಗೆ, ಮೀಸೆಗೆ ಹತ್ತುತ್ತದೆ. ಮೂರನೆಯ ಸುಗ್ಗಿಗೆ ನಮ್ಮ ಎಮ್ಮಿ ಮೇವು ಬಿಟ್ಟಿತು. ಸಿಡಿ ಹಾಕಿದರೆ ಒಳಗೆಳೆದುಕೊಂಡು, ಎರಡು ಸಲ ಕೊಸರಾಡಿ, “ನೋ ಡಿಸ್ಕ್” ಎಂದು ಬರೆದು ಸುಮ್ಮನಾಗುತ್ತಿತ್ತು. ಟಾಪು ಬಿಚ್ಚಿ ನೋಡಿದರೆ ಕಾಳಿನಷ್ಟು ದೊಡ್ಡ ಗಾಜಿನ ಕಣ್ಣಿನ ಮೇಲೆ ಅರಳೆಯ ಪೊರೆ. ಡಾಕ್ಟರು ಫೋನಿನಲ್ಲೇ ಶಸ್ತ್ರಕ್ರಿಯೆ ಹೇಳಿಕೊಟ್ಟರು: ಕಡ್ಡಿಯ ತುದಿಗೆ ಹತ್ತಿ ಸುತ್ತು, ಸ್ಪಿರಿಟಿನಲ್ಲಿ ಅದ್ದು, ಒತ್ತದೆ ಸವರು. ಹತ್ತಿ ಮಾಡಿದ ಪಾಪವನ್ನು ಹತ್ತಿಯಿಂದಲೇ ತೊಳೆದೆ. ಪೊರೆ ತೆಗೆದ ಅಜ್ಜನ ಹಾಗೆ ಎಮ್ಮಿ ಕಣ್ಣು ಬಿಟ್ಟಿತು.

ಐದಾರು ಸುಗ್ಗಿ ಹೀಗೆ ಸಾಗಿ, ಕೊನೆಗೆ ತೊಳೆದರೂ ಓದದಂತಾಯಿತು. ಪೇಟೆಯ ರೇಡಿಯೋ ರಿಪೇರಿಯ ಹುಡುಗನ ಹತ್ತಿರ ಹೊತ್ತುಕೊಂಡು ಹೋದೆ. ಅವನು ಒಳಗಿನ ಕಣ್ಣನ್ನು ಹೊರತೆಗೆದು, ತನ್ನ ಗುಜರಿ ಡಬ್ಬಿಯಿಂದ ಇನ್ನೊಂದನ್ನು ತೆಗೆದು, ಎರಡನ್ನೂ ಅಂಗೈ ಮೇಲಿಟ್ಟು ತೋರಿಸಿದ. “ಸರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಹದಿನೆಂಟು ಸಾವಿರದ ಕಣ್ಣು, ಈ ಸಂತ್ಯಾಗಿನ ವಿಸಿಡಿ ಕಣ್ಣು, ಎರಡೂ ಒಂದ ಜಾತೀವು.” ನಂಬರು ಓದಿ ನೋಡಿದೆ. ಹೌದು, ಒಂದೇ. ನಾನು ರೊಕ್ಕ ಕೊಟ್ಟದ್ದು ದೊಡ್ಡ ಟ್ರಾನ್ಸ್‌ಫಾರ್ಮರಿಗೆ, ಅಂಕಿಯನ್ನು ದನಿ ಮಾಡುವ ಚಿಪ್ಪಿಗೆ, ದಪ್ಪ ತಗಡಿಗೆ. ಕಣ್ಣು ಮಾತ್ರ ಬಡವನದೂ ಸಾಹುಕಾರನದೂ ಒಂದೇ. ಇದನ್ನು ಅವ್ವನ ಮುಂದೆ ಹೇಳಬಾರದೆಂದು ಅಲ್ಲೇ ನಿಶ್ಚಯ ಮಾಡಿದೆ.

ಹೊಸ ಕಣ್ಣು ಮುನ್ನೂರು ರೂಪಾಯಿಗೆ ಹುಬ್ಬಳ್ಳಿಯಿಂದ ಬಂತು. ಹಾಕಿದ. ಓದಲಿಲ್ಲ. ಇನ್ನೊಂದು ತರಿಸಿದ. ಅದೂ ಓದಲಿಲ್ಲ. ಆ ಹೊತ್ತಿಗೆ ಸುದ್ದಿ ಹೋಗಿ ಮೂವರೂ ಬೀಗರು ಬಂದು ಅಂಗಡಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದರು. ಮಾಸ್ತರರು ಭೂತಗನ್ನಡಿ ಹಿಡಿದು ನೋಡಿ, “ತಮ್ಮಾ, ಇಲ್ಲಿ ಎರಡು ಕಾಲು ಕೂಡೋ ಹಾಂಗ ಬೆಸಿಗಿ ಚುಕ್ಕಿ ಐತೆಲ್ಲ, ಇದ್ಯಾಕ?” ಅಂದರು. ಹುಡುಗ ಹಣೆ ಬಡಿದುಕೊಂಡ. ದಾರಿಯಲ್ಲಿ ಕೈಯಿಂದ ಸ್ಥಿರವಿದ್ಯುತ್ತು ತಗಲಿ ಒಳಗಿನ ಲೇಸರು ಸುಡಬಾರದೆಂದು ಕಾರ್ಖಾನೆಯವರೇ ಆ ಚುಕ್ಕಿ ಇಟ್ಟು ಕಳಿಸಿರುತ್ತಾರೆ. ಕೂಡಿಸಿದಮೇಲೆ ಅದನ್ನು ಕರಗಿಸಿ ತೆಗೆಯಬೇಕು. ತೆಗೆದ. ಸರಾಗವಾಗಿ ಹಾಡು ಬಂತು. ವಕೀಲರು ಎಲ್ಲರಿಗೂ ಮಿರ್ಚಿ ಭಜಿ ಹೇಳಿದರು.

ಸವದತ್ತಿಯ ಎಮ್ಮಿಗೆ ಬಂದ ರೋಗ ಬೇರೆ. ಖಂಡೇ ಪೂಜೆಯ ದಿನ ವಕೀಲರ ತಾಯಿ ಕೊಡಲಿ, ಕುಡುಗೋಲು, ಕಾಯ್ದೆ ಪುಸ್ತಕ, ಸ್ಕೂಟರು ಎಲ್ಲಕ್ಕೂ ವಿಭೂತಿ ಕುಂಕುಮ ಹಚ್ಚಿ ಪ್ಲೇಯರಿನ ಹತ್ತಿರ ಬಂದರು. ಗುಂಡಿ ಒತ್ತಿದರೆ ಅದು ನಾಲಿಗೆ ಚಾಚುತ್ತದೆಂದು ಮೊಮ್ಮಗ ತೋರಿಸಿದ. ಪ್ರಸಾದ ಕೇಳುತ್ತಿದೆ ಎಂದುಕೊಂಡರೋ ಏನೋ, “ಉಧೋ ಯಲ್ಲಮ್ಮ” ಎಂದು ಒಂದು ಚಿಟಿಕೆ ಭಂಡಾರ ನಾಲಿಗೆಯ ಮೇಲಿಟ್ಟರು. ನಾಲಿಗೆ ಒಳಗೆ ಹೋಯಿತು. ಆಮೇಲೆ ಮೂರು ತಿಂಗಳು ಆ ಮನೆಯಲ್ಲಿ ಹಾಡಿಲ್ಲ. ವಕೀಲರಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ದಾವೆ ಹೂಡುವುದು? ವಾದಿ ಮಗ, ಪ್ರತಿವಾದಿ ತಾಯಿ, ಎರಡನೆಯ ಪ್ರತಿವಾದಿ ಗುಡ್ಡದ ಯಲ್ಲಮ್ಮ.

ಅದೇ ಮನೆಯಲ್ಲಿ ನಡೆದದ್ದೊಂದನ್ನು ನಾನು ಮರೆಯುವಂತಿಲ್ಲ. ವಕೀಲರಿಗೆ ತಮ್ಮ ತಾಲ್ಲೂಕಿನ ಅಭಿಮಾನ ವಿಪರೀತ. ಏಣಗಿ ಬಾಳಪ್ಪನವರು ತಮ್ಮ ತಾಲ್ಲೂಕಿನವರು, 1914ರಲ್ಲಿ ಹುಟ್ಟಿ ನೂರು ದಾಟಿ 2017ರವರೆಗೆ ಬಾಳಿದವರು, ನೂರರ ಮೇಲೂ ರಂಗಗೀತೆ ಎತ್ತಿದರೆ ದನಿ ಸರಿದಾರಿ ಬಿಡುತ್ತಿರಲಿಲ್ಲ ಎಂದು ದಿನಕ್ಕೆ ಎರಡು ಸಲ ಹೇಳುವವರು. ಚೌಡಿಕೆಯ ಪದಗಳ ಹಳೆಯ ಕ್ಯಾಸೆಟ್ಟೊಂದನ್ನು ಯಾರ ಕೈಯಲ್ಲೋ ಸಿಡಿಗೆ ಇಳಿಸಿ ತಂದಿದ್ದರು. ಬನದ ಹುಣ್ಣಿಮೆಯ ಮುಂದೆ, ಗುಡ್ಡಕ್ಕೆ ಹೋಗುವ ಮಂದಿ ರಸ್ತೆ ತುಂಬ. ನಾವು ಒಳಗೆ ಅದನ್ನು ಹಚ್ಚಿಕೊಂಡು ಕೂತಾಗ ಪಡ್ಡಲಿಗೆ ಹಿಡಿದ ಒಬ್ಬ ಮುದಿ ಜೋಗಮ್ಮ ಬಾಗಿಲಲ್ಲಿ ನಿಂತಳು. ಜೋಳ ನೀಡಲು ಎದ್ದವರನ್ನು ಕೈಸನ್ನೆಯಲ್ಲಿ ತಡೆದು ಒಂದು ಪದದಷ್ಟು ಕೇಳಿದಳು. ಆಮೇಲೆ ಸ್ಪೀಕರಿನ ಕಡೆಗೆ ಬೆರಳು ಮಾಡಿ, “ತಂತಿ ಇಳದೈತ್ರೀ ಯಪ್ಪಾ. ಸ್ವಲ್ಪ ಏರಸ್ರಿ” ಅಂದಳು.

ನಮಗೆ ನಗು ಬಂತು. ಜೋಗಮ್ಮ ಜೋಳ ಹಾಕಿಸಿಕೊಂಡು ಹೋದಳು. ವಾರದ ಮೇಲೆ ಮಾಸ್ತರರು ತಮ್ಮ ಶ್ರುತಿಪೆಟ್ಟಿಗೆ ಹಚ್ಚಿ, ಅದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿಯೊಡನೆ ಹೋಲಿಸಿ ನೋಡಿದರೆ ಸಿಡಿಯಲ್ಲಿನ ಶ್ರುತಿ ನಿಜಕ್ಕೂ ಹೆಚ್ಚುಕಡಿಮೆ ಅರ್ಧ ಸ್ವರ ಕೆಳಗಿತ್ತು. ಇಳಿಸಿಕೊಟ್ಟವನ ಟೇಪು ನಿಧಾನ ಓಡಿತ್ತು. ನಾಲ್ಕು ಎಮ್ಮೆಗಳ ಒಟ್ಟು 72,000 ರೂಪಾಯಿ, ತೇಗದ ಡಬ್ಬಿಯ ಸ್ಪೀಕರು, ವರ್ಷಗಳ ವಾದವಿವಾದ ಎಲ್ಲ ಇದ್ದೂ ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ. ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದಿಡುವ ಪದ್ಧತಿ ಸಿಡಿಯದು. ತಪ್ಪು ಶ್ರುತಿಯನ್ನೂ ಅಷ್ಟೇ ನಿಷ್ಠೆಯಿಂದ ಅಳೆದು ಇಟ್ಟಿತ್ತು.

ನನ್ನ ಮನೆಯಲ್ಲಿ ಯಲ್ಲಮ್ಮ ಬೇರೆ ಥರ ಬಂದಳು. ಅಳಿಯ ಜಾತ್ರೆಯಿಂದ ಇಪ್ಪತ್ತು ರೂಪಾಯಿಯ ಎಂಪಿ3 ಸಿಡಿ ತಂದ, ನೂರೈವತ್ತು ಹಾಡು. ಅವ್ವ ಕೈಕಾಲು ತೊಳೆದು ಬಂದು ಕೂತಳು. ಎಮ್ಮಿ ಅದನ್ನು ಮೂಸಿ ನೋಡಿ “ನೋ ಡಿಸ್ಕ್” ಅಂತು. ಇದು ಬರೀ ಹಳೆಯ ಪದ್ಧತಿಯ ಸಿಡಿ ಓದುತ್ತದೆ, ಎಂಪಿ3 ಇದಕ್ಕೆ ತಿಳಿಯುವುದಿಲ್ಲ ಎಂದು ವಿವರಿಸಿದೆ. ಅಳಿಯ ಅದನ್ನು ಮೊಮ್ಮಗಳ ವಿಸಿಡಿಗೆ ಹಾಕಿದ, ಚಕ್ಕನೆ ಹಾಡಿತು. “ಹದಿನೆಂಟು ಸಾವಿರದ್ದು ಯಲ್ಲಮ್ಮನ್ನ ಇಲ್ಲ ಅಂತೈತಿ, ಎರಡ ಸಾವಿರದ್ದು ಐದಾಳ ಅಂತೈತಿ” ಎಂದು ಅವ್ವ ಓಣಿಗೆಲ್ಲ ಹೇಳಿಬಂದಳು.

ಕಿತ್ತೂರಿನದು ಸಣ್ಣ ಕಥೆ. ಅದು ಮಲೆನಾಡಿನ ಸೆರಗು, ನಮಗಿಂತ ಮಳೆ ಹೆಚ್ಚು. ಆಷಾಢದಲ್ಲಿ ಡಾಕ್ಟರ ಸಿಡಿಗಳ ಹೊದಿಕೆಗೆ ಬೂಸ್ಟು ಬಂದು ತಂತಿವಾದ್ಯಗಾರರ ಮುಖವೆಲ್ಲ ಹಸಿರಾಯಿತು. ಅವರು ಅಲಮಾರಿಯಲ್ಲಿ ಹಗಲಿರುಳು ಒಂದು ಬಲ್ಬು ಉರಿಸಿಟ್ಟರು, ಕೋಳಿಮರಿಗಳ ಕಾವಿಗೆ ಇಟ್ಟ ಹಾಗೆ. ಆಮೇಲೆ ಮಗ ಮೊಬೈಲಿನಲ್ಲಿ ಎಲ್ಲ ಸಿಗುತ್ತದೆ ಎಂದು ತೋರಿಸಿದ. ಡಾಕ್ಟರು ತಮ್ಮ ಎಮ್ಮಿಯನ್ನು ಯಾರಿಗೂ ಹೇಳದೆ ಅಟ್ಟಕ್ಕೇರಿಸಿದರು. ಹುಚ್ಚು ಹಚ್ಚಿದವರೇ ಮೊದಲು ಬಿಟ್ಟರೆಂದು ವಕೀಲರು ಎರಡು ವರ್ಷ ಅವರ ಜೊತೆ ಮಾತು ಬಿಟ್ಟಿದ್ದರು.

2019ರ ಆಗಸ್ಟಿನಲ್ಲಿ ಮಲಪ್ರಭೆ ತುಂಬಿತು. ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಮೇಲೆ ರಾಮದುರ್ಗದ ಹೊಳೆಯ ಬದಿಯ ಓಣಿಗಳಿಗೆ ನೀರು ಹೊಕ್ಕಿತು. ಮಾಸ್ತರರ ಮನೆ ಅಂಥ ಒಂದು ಓಣಿಯಲ್ಲಿ. ಏಳಿ ಏಳಿ ಎಂದು ಮಂದಿ ಕೂಗಿದಾಗ ಉಟ್ಟ ಬಟ್ಟೆಯಲ್ಲಿ ಹೊರಬಿದ್ದವರು. ನೀರು ಇಳಿದಮೇಲೆ ನಾವು ಮೂವರೂ ಹೋದೆವು. ವಕೀಲರೂ ಡಾಕ್ಟರೂ ಒಂದೇ ಜೀಪಿನಲ್ಲಿ ಕೂತದ್ದು ಎರಡು ವರ್ಷದ ಮೇಲೆ ಅವತ್ತೇ.

ಪಡಸಾಲೆಯಲ್ಲಿ ಮೊಣಕಾಲುದ್ದ ರಾಡಿ. ಎಮ್ಮಿ ಮೇಜಿನಿಂದ ಬಿದ್ದು ಮೂಲೆಯಲ್ಲಿ ಅಂಗಾತ ಮಲಗಿತ್ತು, ಒಳಗೆಲ್ಲ ಕೆಸರು. ಸಿಡಿಗಳು ಮಾತ್ರ ಉಳಿದಿದ್ದವು. ಹೊದಿಕೆಯ ಕಾಗದವೆಲ್ಲ ಅಂಬಲಿಯಾಗಿತ್ತು, ತಟ್ಟೆಗಳಿಗೆ ಏನೂ ಆಗಿರಲಿಲ್ಲ. ಮೂವರೂ ತೋಳೇರಿಸಿ ಬಕೆಟ್ಟಿನಲ್ಲಿ ತೊಳೆದೆವು. ಗುಂಡಾಗಿ ಒರೆಸಬಾರದು, ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಬೇಕು. ಗೆರೆಯ ಗುಂಟ ಗೀರು ಬಿದ್ದರೆ ಎಮ್ಮಿಗೆ ತುಂಬಿಕೊಳ್ಳಲಾಗುವುದಿಲ್ಲ. ಮಾಸ್ತರರು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಇದನ್ನೇ ಹೇಳುತ್ತಿದ್ದರು. ಆಮೇಲೆ ತೂತಿನಲ್ಲಿ ಸುತಳಿ ಪೋಣಿಸಿ ಅಂಗಳದ ಈ ತುದಿಯಿಂದ ಆ ತುದಿಗೆ ಕಟ್ಟಿದೆವು. ಬಾಲಗಂಧರ್ವ, ಮನ್ಸೂರ, ಗಂಗೂಬಾಯಿ, ರಾಜಗುರು ಎಲ್ಲರೂ ಬಿಸಿಲಿಗೆ ಫಳಫಳ ಹೊಳೆದರು. ದಾರಿಯಲ್ಲಿ ಹೋಗುವ ರೈತನೊಬ್ಬ ನಿಂತು, “ಯಾವ ಹೊಲಕ್ರಿ ಇವು? ಹಕ್ಕಿ ಹೆದರಸಾಕ ಇಷ್ಟ್ಯಾಕ ಬೇಕ್ರಿ, ನಾಕು ಸಾಕಲ್ಲ” ಅಂದ.

ಮಾಸ್ತರರನ್ನು ಎಂಟು ದಿನದ ಮಟ್ಟಿಗೆ ಬೈಲಹೊಂಗಲಕ್ಕೆ ನಮ್ಮ ಮನೆಗೆ ಕರೆತಂದೆ. ಅವ್ವ ಆಗ ಎಂಬತ್ತರ ಹತ್ತಿರ. ಹೊಳೆಯಲ್ಲಿ ದನಕರು ಹೋದವರ ಸುದ್ದಿ ಬೆಳಗಿನಿಂದ ಕೇಳಿದ್ದಳು. ಚರಿಗೆಯಲ್ಲಿ ನೀರು ಕೊಟ್ಟು, ಎದುರಿಗೆ ಕೂತು, ಅದೇ ದನಿಯಲ್ಲಿ ಕೇಳಿದಳು.

“ಎಮ್ಮಿ ಹೋತಂತಲ್ರೀ ಮಾಸ್ತರ?”

“ಹೋತಬೇ ಯವ್ವಾ” ಎಂದು ಮಾಸ್ತರರು ಕೋಟಿನ ಕಿಸೆಗೆ ಕೈಹಾಕಿದರು. “ಹಗ್ಗ ಅಷ್ಟ ಉಳೀತು ನೋಡ್ರಿ.”

ಅಂಗೈಯಲ್ಲಿ ರಿಮೋಟ್ ಇತ್ತು. ನೀರು ಬಂದ ರಾತ್ರಿ ಕತ್ತಲೆಯಲ್ಲಿ ಕನ್ನಡಕದ ಡಬ್ಬಿ ಎಂದು ತಡಕಿ ಎತ್ತಿಕೊಂಡು ಓಡಿದ್ದರಂತೆ. ನನ್ನ ರಿಮೋಟ್ ಸೆಲ್ಲು ಸೋರಿ ಕೆಟ್ಟು ನಾಲ್ಕು ವರ್ಷವಾಗಿತ್ತು, ನಾನು ಎದ್ದು ಹೋಗಿ ಗುಂಡಿ ಒತ್ತುತ್ತಿದ್ದೆ. ಮಾಸ್ತರರು ಕೂತಲ್ಲಿಂದಲೇ ಅದನ್ನು ನನ್ನ ಎಮ್ಮಿಯ ಕಡೆಗೆ ಹಿಡಿದು ಒತ್ತಿದರು. ಅದು ಸುಮ್ಮನೆ ನಾಲಿಗೆ ಚಾಚಿತು.

ಎಂಟು ದಿನವೂ ಅವರೇ ಹಚ್ಚಿದರು, ಅವರೇ ಆರಿಸಿದರು. ಒಂಬತ್ತನೆಯ ದಿನ ಬಸ್ಸಿಗೆ ಹೊರಟಾಗ ರಿಮೋಟನ್ನು ವಸ್ತ್ರದಿಂದ ಒರೆಸಿ ಕೋಟಿನ ಕಿಸೆಗೇ ಹಾಕಿಕೊಂಡರು. ನಾನೂ ಕೇಳಲಿಲ್ಲ.